ಎಣ್ಣೆ ಹಿಡಿದ ದಾರಿ

ರಾಮನಗುಳಿ
10 ಫೆಬ್ರವರಿ 2025, ಸೋಮವಾರ

ಬೆಳಿಗ್ಗೆ ನೋಡಿದರೆ ಪಿಕಪ್ಪಿನ ಮುಂದಿನ ಬಲಚಕ್ರದ ಒಳಮೈ ಕಪ್ಪಗೆ ಹೊಳೆಯುತ್ತಿದೆ. ಟಯರಿನ ಬದಿಗೆ ಧೂಳೂ ಎಣ್ಣೆಯೂ ಕಲಸಿ ಅಂಟು ಕೂತಿದೆ. ಅಡಿಯಲ್ಲಿ ಒಂದು ಅಡಿಕೆ ಹಾಳೆ ಹಾಸಿಟ್ಟೆ. ಊಟ ಮುಗಿಸಿ ಬರುವಷ್ಟರಲ್ಲಿ ಹಾಳೆಯ ಮೇಲೆ ಅಂಗೈಯಗಲದ ಕಲೆ. ಬೆರಳಿಗೆ ತಾಗಿಸಿ ಮೂಸಿದೆ. ಗಂಧಕದ ಘಾಟು. ಡಿಫರೆನ್ಶಿಯಲ್ಲಿಗೆ ಹಾಕುವ ತೊಂಬತ್ತರ ಎಣ್ಣೆಯೇ. ಬ್ರೇಕ್ ಆಯಿಲ್ ಆಗಿದ್ದರೆ ತೆಳ್ಳಗಿರುತ್ತಿತ್ತು, ನೀರು ಹೊಯ್ದರೆ ತೊಳೆದು ಹೋಗುತ್ತಿತ್ತು. ಇದು ನೀರಿಗೆ ಜಗ್ಗಲಿಲ್ಲ.

ಗಾಡಿ 1980ರ ದಶಕದ ಮಹೀಂದ್ರಾ ಜೀಪು, ಫೋರ್ ವೀಲ್. ಅಪ್ಪಯ್ಯ ಹಿಂದಿನ ಹುಡ್ ತೆಗೆಸಿ ತಗಡಿನ ತೊಟ್ಟಿ ಕಟ್ಟಿಸಿದ ಮೇಲೆ ಊರವರಿಗೆ ಅದು ಪಿಕಪ್ಪಾಯಿತು. ತೋಟಕ್ಕೆ ಗೊಬ್ಬರ, ತೋಟದಿಂದ ಅಡಿಕೆ ಕೊನೆ, ಅಂಗಳದಿಂದ ಚಾಲಿ ಅಡಿಕೆ, ಎಲ್ಲಾ ಅದರ ಮೇಲೇ. ತೋಟದ ದಾರಿಯಲ್ಲಿ ಹಳ್ಳ ದಾಟಬೇಕು. ಅದಕ್ಕೆ ಸೇತುವೆ ಇಲ್ಲ. ಹಾಗಾಗಿ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುವ ಗಾಡಿ ನಮಗೆ ಶೋಕಿಗಲ್ಲ, ದಿನದ ಗರಜು.

ಕೊನೆಕೊಯ್ಲು ಮುಗಿಯುತ್ತ ಬಂದಿದೆ. ಒಣಗಿದ ಚಾಲಿ ಯಲ್ಲಾಪುರಕ್ಕೆ ಹೋಗಬೇಕು. ಬಾಡಿಗೆ ಗಾಡಿಗೆ ಹೇಳಿ ಈ ಗಾಡಿಯನ್ನು ನಿಲ್ಲಿಸುವುದೆಂದು ತೀರ್ಮಾನಿಸಿದೆ. ಚಕ್ರದ ಒಳಗೆ ಎಣ್ಣೆ ಇಳಿಯುತ್ತಿದ್ದರೆ ಬ್ರೇಕ್ ಲೈನರಿಗೂ ಇಳಿದಿರುತ್ತದೆ. ಹೋದ ವಾರದಿಂದ ಬ್ರೇಕ್ ತುಳಿದರೆ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಬಲಗಡೆಯದು ಹಿಡಿಯದಿದ್ದರೆ ಎಡಗಡೆಯದೇ ಎಳೆಯುವುದು ತಾನೆ. ಜನವರಿ 22ರ ನಸುಕಿನಲ್ಲಿ ಸವಣೂರಿನ ಕಡೆಯಿಂದ ಸಂತೆಗೆಂದು ಹಣ್ಣು-ತರಕಾರಿ ಹೇರಿಕೊಂಡು ಬರುತ್ತಿದ್ದ ಲಾರಿ ಗುಳ್ಳಾಪುರದ ಹತ್ತಿರ ಕಂದಕಕ್ಕೆ ಉರುಳಿ ಹತ್ತು ಜನ ತೀರಿಕೊಂಡರು. ಆಮೇಲೆ ಮನೆಯಲ್ಲಿ ಯಾರು ಘಟ್ಟ ಹತ್ತುವ ಮಾತೆತ್ತಿದರೂ ಆಯಿ ಮೊದಲು ಕೇಳುವುದು ಬ್ರೇಕಿನ ವಿಚಾರ.

11 ಫೆಬ್ರವರಿ, ಮಂಗಳವಾರ

ಮೇಸ್ತ್ರಿಯ ಗ್ಯಾರೇಜಿಗೆ ನಿಧಾನಕ್ಕೆ ಓಡಿಸಿಕೊಂಡು ಹೋದೆ. ಹೆದ್ದಾರಿಯ ಬದಿಗೇ ಇದೆ. ಕಾಗದದಲ್ಲಿ ಈ ರಸ್ತೆಗೆ ಈಗ 52 ಎಂದು ನಂಬರು, ಜನರ ಬಾಯಲ್ಲಿ ಇನ್ನೂ 63. ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಲಾರಿಗಳೆಲ್ಲ ಅರಬೈಲ್ ಘಟ್ಟ ಹತ್ತುವ ಮೊದಲು ಇಲ್ಲೆಲ್ಲೋ ನಿಂತು ಟಯರು ತಟ್ಟಿ ನೋಡಿಕೊಂಡು ಹೋಗುತ್ತವೆ. ಮೇಸ್ತ್ರಿಗೆ ಕೆಲಸಕ್ಕೆ ಬರವಿಲ್ಲ. ಆದರೂ ಹಳೇ ಜೀಪು ಕಂಡರೆ ಕೈಯಲ್ಲಿದ್ದದ್ದು ಬಿಟ್ಟು ಬರುತ್ತಾರೆ.

ಬಗ್ಗಿ ನೋಡಿದರು. “ಸೀಲ್ ಹೋಗ್ಯದೆ ಭಟ್ರೆ.”

“ಹೋದ ವರ್ಷವಷ್ಟೇ ಪೇಟೆಯಲ್ಲಿ ಹಾಕಿಸಿದ್ದಲ್ಲ ಮೇಸ್ತ್ರಿ?”

“ಯಾವ ಸೀಲ್ ಹಾಕಿದ್ರು?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಬಿಲ್ಲಿನಲ್ಲಿ ‘ಸೀಲ್’ ಎಂದಷ್ಟೇ ಬರೆದಿತ್ತು. ಮೇಸ್ತ್ರಿ ಚಕ್ರದ ಹಿಂದೆ ಬೆರಳು ತೂರಿಸಿ ಒರೆಸಿ, ಹೊಳೆಯುವ ಎರಡು ಅರ್ಧಚಂದ್ರದ ಪಟ್ಟಿಗಳನ್ನು ತೋರಿಸಿದರು. “ಇದು ಹೊಸತೇ ಅದೆ. ಹೊರಗಿಂದು. ಒಳಗಿಂದು ಯಾರೂ ಮುಟ್ಟಲಿಲ್ಲ ಕಾಣ್ತದೆ.”

ಈ ಮುಂದಿನ ಆಕ್ಸಲಿನ ರಚನೆ ತಿಳಿದರೆ ಅವರ ಮಾತು ಅರ್ಥವಾಗುತ್ತದೆ. ಕ್ರೌನ್, ಪಿನಿಯನ್ ಇರುವ ಡಿಫರೆನ್ಶಿಯಲ್ ಗಡ್ಡೆಯಿಂದ ಎರಡೂ ಬದಿಗೆ ಉಕ್ಕಿನ ಕೊಳವೆ. ಕೊಳವೆಯ ತುದಿಯಲ್ಲಿ ಟೊಳ್ಳು ಗುಂಡು. ಆ ಗುಂಡನ್ನು ಹೊರಗಿನಿಂದ ಅಪ್ಪಿಕೊಂಡು ಒಂದು ಹೌಸಿಂಗು. ಸ್ಟಿಯರಿಂಗ್ ತಿರುಗಿಸಿದರೆ ಅದು ಗುಂಡಿನ ಮೇಲೆ ತಿರುಗುತ್ತದೆ, ಜೊತೆಗೆ ಚಕ್ರವೂ. ಒಳಗೆ ಕೊಳವೆಯುದ್ದಕ್ಕೆ ಶಾಫ್ಟು, ಗುಂಡಿನ ನಡುವೆ ಅದರ ಕ್ರಾಸ್ ಜಾಯಿಂಟು. ಇಲ್ಲಿ ಎರಡು ಸೀಲುಗಳಿವೆ. ಕೊಳವೆಯ ತುದಿಯಲ್ಲಿ ಶಾಫ್ಟನ್ನು ಸುತ್ತಿ ಕೂತದ್ದು ಒಳಸೀಲು, ತೊಂಬತ್ತರ ಎಣ್ಣೆಯನ್ನು ಡಿಫರೆನ್ಶಿಯಲ್ಲಿನಲ್ಲೇ ತಡೆಯುವುದು ಅದರ ಕೆಲಸ. ಗುಂಡಿನ ಮೈಯನ್ನು ಒರೆಸುತ್ತ ಇರುವುದು ಹೊರಸೀಲು, ಹೌಸಿಂಗಿನ ಗ್ರೀಸು ಹೊರಗೆ ಬಾರದಂತೆ, ಧೂಳು ನೀರು ಒಳಗೆ ಹೋಗದಂತೆ ಕಾಯುವುದು.

ಒಳಸೀಲು ಸೋತರೆ ಎಣ್ಣೆ ಗುಂಡಿನೊಳಗೆ ಬರುತ್ತದೆ, ಗ್ರೀಸನ್ನು ಕರಗಿಸುತ್ತದೆ, ತೆಳ್ಳಗಾದ ಗ್ರೀಸು ಹೊರಸೀಲನ್ನು ದಾಟುತ್ತದೆ. ಕಣ್ಣಿಗೆ ಕಾಣುವುದು ಹೊರಗಿನ ಸೋರಿಕೆ. ಹೊರಸೀಲು ಎರಡು ಹೋಳಾಗಿ ಬರುತ್ತದೆ, ಎಂಟು ಬೋಲ್ಟು ಬಿಚ್ಚಿದರೆ ಕೆಲಸ ಮುಗಿಯಿತು. ಒಳಸೀಲಿಗೆ ಚಕ್ರ, ಡ್ರಮ್ಮು, ಹಬ್ಬು, ಶಾಫ್ಟು ಎಲ್ಲಾ ತೆಗೆಯಬೇಕು. ಪೇಟೆಯ ಗ್ಯಾರೇಜಿನವರು ಯಾವುದನ್ನು ಆರಿಸಿಕೊಂಡರು ಎಂದು ಈಗ ಗೊತ್ತಾಯಿತು.

13 ಫೆಬ್ರವರಿ, ಗುರುವಾರ

ಇಡೀ ದಿನ ಗ್ಯಾರೇಜಿನಲ್ಲಿ. ಬಿಚ್ಚುವ ಕೆಲಸ ನೋಡುವುದೆಂದರೆ ನನಗೆ ಮೊದಲಿನಿಂದಲೂ ಇಷ್ಟ. ಮೇಸ್ತ್ರಿ ನನಗೂ ಒಂದು ಸ್ಪ್ಯಾನರು ಕೊಟ್ಟು ಕೂರಿಸಿದರು.

ಜಾಕಿ ಏರಿಸಿ ಆಕ್ಸಲಿನ ಅಡಿಗೆ ಹಲಸಿನ ದಿಮ್ಮಿ ಕೊಟ್ಟರು. ಜಾಕಿಯ ಮೇಲೆ ನಿಂತ ಗಾಡಿಯ ಅಡಿಗೆ ಕೈ ಹಾಕಲು ಅವರು ಗ್ಯಾರೇಜಿನ ಹುಡುಗನಿಗೂ ಬಿಡುವುದಿಲ್ಲ. ಚಕ್ರ ಬಿಚ್ಚಿ, ಹಬ್ಬಿನ ಮುಖದ ಆರು ಬೋಲ್ಟು ಬಿಚ್ಚಿ, ಶಾಫ್ಟಿನ ತುದಿಯ ಲಾಕ್ ರಿಂಗು ತೆಗೆದು, ಫ್ಲ್ಯಾಂಜನ್ನು ಪುಲ್ಲರಿನಿಂದ ಎಳೆದರು. ಒಳಗೆ ಎರಡು ನಟ್ಟು, ನಡುವೆ ಅಂಚು ಮಡಚಿದ ವಾಷರು. ಮಡಿಕೆಯನ್ನು ಉಳಿಯಿಂದ ಬಿಡಿಸಿ ನಟ್ಟು ತೆಗೆದರೆ ಬೇರಿಂಗಿನ ಸಮೇತ ಡ್ರಮ್ಮು ಕೈಗೆ ಬಂತು. ಲೈನರು ಎಣ್ಣೆ ಕುಡಿದು ಕಪ್ಪಾಗಿದೆ. ಪೆಟ್ರೋಲಿನಲ್ಲಿ ತೊಳೆದರೆ ಸಾಲದೇ ಎಂದೆ. “ಮೇಲೆ ಒಣಗ್ತದೆ, ಬಿಸಿಯಾದ್ರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರ್ತದೆ. ಘಟ್ಟ ಇಳಿಯೋ ಗಾಡಿಗೆ ಇದು ಬೇಡ.” ಲೈನರು ಬದಲಾಗಬೇಕು, ಎರಡೂ ಬದಿಯದು. ಒಂದೇ ಬದಿ ಹೊಸದಾದರೆ ಗಾಡಿ ಮತ್ತೆ ಎಳೆಯುತ್ತದೆ.

ಬ್ಯಾಕ್ ಪ್ಲೇಟನ್ನು ಬ್ರೇಕ್ ಪೈಪಿನ ಮೇಲೆ ಭಾರ ಬೀಳದಂತೆ ತಂತಿಯಲ್ಲಿ ಕಟ್ಟಿ ತೂಗುಹಾಕಿದರು. ಸ್ಪಿಂಡಲಿಗೆ ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ಹೊಡೆದು ಸಡಿಲಿಸಿದ ಕೂಡಲೇ ಒಳಗಿದ್ದದ್ದೆಲ್ಲ ಕೆಳಗಿನ ಬೋಗುಣಿಗೆ ಸುರಿಯಿತು. ಗ್ರೀಸು ಎನ್ನುವಂಥದ್ದು ಉಳಿದಿರಲೇ ಇಲ್ಲ. ಗಂಜಿಯ ಹಾಗೆ ತೆಳ್ಳಗೆ, ಬಿಳಿಚಿಕೊಂಡ ಬಣ್ಣ. ಮೇಸ್ತ್ರಿ ಬೋಗುಣಿಯನ್ನು ಬಿಸಿಲಿಗೆ ಹಿಡಿದು ಒಂದು ಗಳಿಗೆ ಸುಮ್ಮನಿದ್ದರು.

“ನೀರು ಹೋಗ್ಯದೆ.”

ಡಿಫರೆನ್ಶಿಯಲ್ಲಿನ ಅಡಿಬಿರಟೆ ತೆಗೆದು ನೋಡಿದರು. ಅಲ್ಲಿಯ ಎಣ್ಣೆಗೂ ಅದೇ ಬಣ್ಣ, ಸ್ವಲ್ಪ ಕಡಿಮೆ. ಇಲ್ಲಿಗೆ ವಿಷಯ ಬೇರೆಯಾಯಿತು. ಎಣ್ಣೆ ಹೊರಗೆ ಬರುವುದು ಒಂದು, ನೀರು ಒಳಗೆ ಹೋಗುವುದು ಇನ್ನೊಂದು. ಒಂದೇ ಸೀಲಿನಲ್ಲಿ ಎರಡೂ ಹೇಗೆ ನಡೆಯಿತು?

ಶಾಫ್ಟನ್ನು ಹಗುರಕ್ಕೆ ಎಳೆದು ತೆಗೆದು, ಬಾಗಿದ ತುದಿಯ ಸರಳಿನಿಂದ ಒಳಸೀಲು ಕಿತ್ತರು. ನಾನದನ್ನು ಒರೆಸಿ ಕೈಯಲ್ಲಿ ಹಿಡಿದು ನೋಡಿದೆ. ತಗಡಿನ ಬಳೆ, ಅದಕ್ಕೆ ಅಂಟಿದ ಕಪ್ಪು ರಬ್ಬರು, ರಬ್ಬರಿನ ಅಂಚಿನ ಹಿಂದೆ ಕೂದಲೆಳೆಯಷ್ಟು ಸಣ್ಣ ತಂತಿಯ ಸ್ಪ್ರಿಂಗು ಸುತ್ತಲೂ. ಶಾಫ್ಟನ್ನು ಮುಟ್ಟುವುದು ಆ ಅಂಚು ಮಾತ್ರ. ಅದನ್ನು ಶಾಫ್ಟಿಗೆ ಒತ್ತಿ ಹಿಡಿಯುವುದು ಸ್ಪ್ರಿಂಗು. ರಬ್ಬರು ಉಗುರಿಗೆ ಬಗ್ಗಲಿಲ್ಲ, ಗಟ್ಟಿಯಾಗಿ ಸೀಳು ಬಿಟ್ಟಿದೆ. ಸ್ಪ್ರಿಂಗಿಗೆ ತುಕ್ಕು. ಶಾಫ್ಟಿನ ಮೇಲೂ ಅಂಚು ಉಜ್ಜಿದ ಜಾಗದಲ್ಲಿ ಸುತ್ತಲೂ ಗೆರೆ, ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಮೆತ್ತನೆಯ ರಬ್ಬರು ಉಕ್ಕನ್ನು ಸವೆಸುವುದು ಹೇಗೆಂದರೆ, ರಬ್ಬರಿನಲ್ಲಿ ಹೂತುಕೊಂಡ ಮಣ್ಣಿನ ಕಣ ಆ ಕೆಲಸ ಮಾಡುತ್ತದೆ. ನಮ್ಮ ಗಾಡಿಯ ಮುಂದಿನ ಹಬ್ಬಿಗೆ ಬಿಡಿಸುವ ಲಾಕು ಇಲ್ಲ. ಫೋರ್ ವೀಲ್ ಹಾಕಲಿ ಬಿಡಲಿ, ಚಕ್ರ ತಿರುಗಿದಷ್ಟು ಹೊತ್ತೂ ಮುಂದಿನ ಶಾಫ್ಟು ತಿರುಗುತ್ತದೆ, ಸೀಲು ಉಜ್ಜುತ್ತದೆ.

15 ಫೆಬ್ರವರಿ, ಶನಿವಾರ

ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಬಂದೆ. ಅಂಕೋಲೆಯಲ್ಲಿ, ಯಲ್ಲಾಪುರದಲ್ಲಿ ಹೊಸ ಗಾಡಿಗಳ ಸಾಮಾನು ಬೇಕಾದಷ್ಟು. ಹಳೇ ಜೀಪಿನ ಒಳಸೀಲು ಬೇಕೆಂದರೆ ಹುಬ್ಬಳ್ಳಿಯೇ.

ಅಂಗಡಿಯವರು ವಯಸ್ಸಾದವರು. “ಹಳೇದು ತಂದೀರೇನ್ರಿ? ಹಂಗ ಬಾಯಾಗ ಹೇಳಿದ್ರ ನಾ ಕೊಡೂದಿಲ್ಲ ನೋಡ್ರಿ, ನಾಳಿ ಹಾಕಾಕ ಹೋದ್ರ ಕುಂದ್ರೂದಿಲ್ಲ.” ಕಾಗದದಲ್ಲಿ ಸುತ್ತಿ ಒಯ್ದಿದ್ದೆ. ಬಳೆಯ ಮುಖದ ಅಂಕಿಗಳು ಅಳಿಸಿಹೋಗಿದ್ದವು. ವರ್ನಿಯರ್ ತೆಗೆದು ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಅಳೆದರು. ಸೀಲಿನ ಜಾತಕ ಈ ಮೂರು ಅಳತೆಯಲ್ಲೇ ಇರುವುದು. ಆಮೇಲೆ ಅಟ್ಟದಿಂದ ಎರಡು ಪೊಟ್ಟಣ ಇಳಿಸಿದರು. ಒಂದರ ಬೆಲೆ ಇನ್ನೊಂದರ ಅರ್ಧ. ಎರಡರ ಅಂಚನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಲು ಹೇಳಿದರು. ಅಗ್ಗದ್ದು ಒತ್ತಿದಲ್ಲೇ ಉಳಿಯಿತು, ಇನ್ನೊಂದು ಕೂಡಲೇ ಸೆಟೆದು ನಿಂತಿತು. ಸೆಟೆದದ್ದನ್ನು ತಂದೆ, ಎರಡೂ ಬದಿಗೆ. ಜೊತೆಗೆ ಹೊರಸೀಲಿನ ಜೋಡಿ, ಲೈನರು, ಹಬ್ಬಿನ ಸೀಲು, ಲಾಕ್ ವಾಷರು, ಹೌಸಿಂಗು ತಿರುಗುವ ಕಿಂಗ್‌ಪಿನ್ನಿನ ತೆಳು ಶಿಮ್ಮು ತಗಡುಗಳು.

ಬಸ್ಸಿನಲ್ಲಿ ಬರುತ್ತ ಅಪ್ಪಯ್ಯನ ಕಾಲದ ಚರ್ಮದ ಸೀಲು ನೆನಪಾಯಿತು. ಅದನ್ನು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಹಾಕಿ ಬೆಳಿಗ್ಗೆ ಕೂರಿಸುತ್ತಿದ್ದರು. ಇಂದಿನ ರಬ್ಬರಿನ ಸೀಲಿಗೂ ಮೂಲ ಚರ್ಮವೇ. ಜರ್ಮನಿಯ ವೈನ್‌ಹೈಮ್ ಊರಿನಲ್ಲಿ 1849ರಲ್ಲಿ ಚರ್ಮ ಹದಮಾಡುವ ಕಾರ್ಖಾನೆಯಾಗಿ ಶುರುವಾದ ಫ್ರಾಯ್ಡನ್‌ಬರ್ಗ್ ಕಂಪನಿ 1930ರ ದಶಕದಲ್ಲಿ ಶಾಫ್ಟಿನ ಸೀಲು ಮಾಡಲು ಹಿಡಿಯಿತು. ಮೊದಲು ಲೋಹದ ಬಳೆಯಲ್ಲಿ ಚರ್ಮ, ಆಮೇಲೆ ಕೃತಕ ರಬ್ಬರು. ವಾಲ್ಟರ್ ಸಿಮ್ಮರ್ ಎಂಬ ಎಂಜಿನಿಯರನ ಹೆಸರಿನಿಂದ ಆ ಸೀಲಿಗೆ ಸಿಮ್ಮರಿಂಗ್ ಎಂದೇ ಹೆಸರು. ನಮ್ಮ ಗಾಡಿಯ ವಂಶವೂ ಅದೇ ಕಾಲದ್ದು. ಅಮೆರಿಕದ ವಿಲ್ಲೀಸ್ ಕಂಪನಿ ಎರಡನೇ ಮಹಾಯುದ್ಧಕ್ಕೆ ಮಾಡಿದ ಜೀಪಿನ ಆಕ್ಸಲಿಗೂ ಹೀಗೇ ತುದಿಯಲ್ಲಿ ಗುಂಡು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆ ಹುಟ್ಟಿದ ಮಹೀಂದ್ರಾ, ಸ್ವಾತಂತ್ರ್ಯದ ಆಸುಪಾಸಿನಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಆರಂಭಿಸಿ, ಆ ಆಕ್ಸಲನ್ನು ದಶಕಗಟ್ಟಲೆ ಮುಂದುವರಿಸಿತು. ಅದರಿಂದಾಗಿಯೇ ಇಂದಿಗೂ ಹುಬ್ಬಳ್ಳಿಯ ಅಟ್ಟದ ಮೇಲೆ ಅದರ ಸೀಲು ಸಿಗುತ್ತದೆ.

16 ಫೆಬ್ರವರಿ, ಭಾನುವಾರ

ಬಾವ ಬಂದಿದ್ದ. ಅಂಗಳದಲ್ಲಿ ಗಾಡಿ ಕಾಣಲಿಲ್ಲವೆಂದು ಕೇಳಿದ. “ಇನ್ನೂ ಗ್ಯಾರೇಜಲ್ಲೇ ಇದ್ದಾ?”

“ಇದ್ದು.”

ಮಾರಿಬಿಡು ಎನ್ನುವುದು ಅವನ ಹಳೆಯ ವಾದ. ಈ ಸಲ ಅದಕ್ಕೆ ಲೆಕ್ಕವನ್ನೂ ತಂದಿದ್ದ. ಹದಿನೈದು ವರ್ಷ ದಾಟಿದ ಸ್ವಂತದ ಕಾರು-ಜೀಪಿನ ಆರ್‌ಸಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ ₹5,000 ಆಗಿತ್ತು. ಅದಕ್ಕೆ ಮೊದಲು ₹600 ಇತ್ತು. ಐದು ವರ್ಷಕ್ಕೊಮ್ಮೆ ಅದು, ನಡುವೆ ವಿಮೆ, ಹೊಗೆ ಸರ್ಟಿಫಿಕೇಟು, ಮತ್ತೆ ಇಂಥ ರಿಪೇರಿ. ಅವನ ಲೆಕ್ಕ ತಪ್ಪಲ್ಲ. ಆದರೆ ಹಳ್ಳ ದಾಟುವ ಹೊಸ ಫೋರ್ ವೀಲಿನ ಬೆಲೆಯನ್ನು ಅವನು ಲೆಕ್ಕಕ್ಕೆ ಸೇರಿಸಿರಲಿಲ್ಲ. ಅದನ್ನು ಹೇಳಿದ ಮೇಲೆ ಮಾತು ಅಡಿಕೆ ದರಕ್ಕೆ ಹೊರಳಿತು.

ಸಂಜೆ ಹೊಳೆದಂಡೆಯ ಕಡೆ ತಿರುಗಾಡಲು ಹೋದೆವು. 2019ರ ಆಗಸ್ಟಿನ ನೆರೆಯಲ್ಲಿ ಗಂಗಾವಳಿ ಇಲ್ಲಿಯ ತೂಗುಸೇತುವೆಯನ್ನು ಕೊಂಡೊಯ್ದಿತು. 2021ರ ಜುಲೈಯಲ್ಲಿ ಮೇಲಿನ ಗುಳ್ಳಾಪುರದ ಸೇತುವೆಯೂ ಹೋಯಿತು. ಆಚೆ ದಡದ ಹಳವಳ್ಳಿ, ಕಲ್ಲೇಶ್ವರದ ಕಡೆಯವರಿಗೆ ಪೇಟೆ ಎಷ್ಟು ದೂರವಾಯಿತು ಎಂದು ಬಾವನಿಗೆ ನಾನು ಹೇಳಬೇಕಾಗಿಲ್ಲ. ಅವನ ಸೋದರತ್ತೆಯ ಮನೆ ಅಲ್ಲೇ. ನಮ್ಮ ಗಾಡಿ 2019ರಲ್ಲಿ ಕೊಟ್ಟಿಗೆಯ ಪಕ್ಕ ನಿಂತಲ್ಲೇ ಚಕ್ರ ಮುಳುಗುವಷ್ಟು ನೀರಿನಲ್ಲಿತ್ತು. ನೀರು ಇಳಿದ ಮೇಲೂ ಗುಂಡಿನ ಸುತ್ತ ಕೆಸರು ಕಚ್ಚಿಕೊಂಡಿತ್ತು.

18 ಫೆಬ್ರವರಿ, ಮಂಗಳವಾರ

ಇವತ್ತು ಕಾರಣ ಸಿಕ್ಕಿತು.

ಬೆಳಗಿನ ಹೊತ್ತು ಗುಂಡು ಸ್ವಚ್ಛ ಮಾಡುವ ಕೆಲಸ. ಡೀಸೆಲ್ಲಿನಲ್ಲಿ ತೊಳೆದು ಒರೆಸಿದರೆ ಅದರ ಮೈ ಮೇಲೆ ತುಕ್ಕು ತಿಂದ ಗುಳಿಗಳು, ಕೆಳಭಾಗದಲ್ಲಿ ಹೆಚ್ಚು. ಹೊರಸೀಲಿನ ಅಂಚು ಈ ಗುಳಿಗಳ ಮೇಲೆ ಹಾದಾಗಲೆಲ್ಲ ಸ್ವಲ್ಪ ಸ್ವಲ್ಪ ಹರಿಯುತ್ತದೆ. ಹೊಸ ಗುಂಡು ಎಲ್ಲಿಂದ ತರುವುದು? ಮೇಸ್ತ್ರಿ ಗುಳಿಗಳನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಪೆಟ್ರೋಲಿನಲ್ಲಿ ಒರೆಸಿ, ಎಂ-ಸೀಲ್ ನಾದಿ ತುಂಬಿದರು. ಗಟ್ಟಿಯಾದ ಮೇಲೆ ಎಮರಿ ಕಾಗದವನ್ನು ಪಟ್ಟಿಯಾಗಿ ಕತ್ತರಿಸಿ ಗುಂಡಿನ ಸುತ್ತ ಹಿಂದೆ ಮುಂದೆ ಎಳೆದರು. ಮೊದಲು ದೊರಗು, ಆಮೇಲೆ ನಯ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಉಕ್ಕು ಎಲ್ಲಿ, ತುಂಬಿದ್ದು ಎಲ್ಲಿ ಎಂದು ಗೊತ್ತಾಗಬಾರದು. ಅದು ಅವರ ಪರೀಕ್ಷೆ. ನನ್ನ ಬೆರಳನ್ನೂ ಆಡಿಸಲು ಹೇಳಿದರು.

ಚಹಾ ಕುಡಿಯುವಾಗ ನೀರಿನ ಪ್ರಶ್ನೆ ಮತ್ತೆ ಬಂತು. ಮೇಸ್ತ್ರಿ ಲೋಟ ಇಟ್ಟು ಎದ್ದು ಗಾಡಿಯ ಅಡಿಗೆ ಹೋದರು. ಆಕ್ಸಲ್ ಕೊಳವೆಯ ಮೇಲ್ಭಾಗದಲ್ಲಿ ಕೈಯಾಡಿಸಿ ಏನನ್ನೋ ಹುಡುಕಿದರು. “ಇಲ್ಲೊಂದು ಬ್ರೀದರ್ ಇರ್ಬೇಕು ಭಟ್ರೆ. ಕಾಣ್ತಾ ಇಲ್ಲ.”

ಚಾಕುವಿನಿಂದ ಕೆರೆದರು. ಕರಿ ಬಣ್ಣದ ದಪ್ಪ ಪದರ ಕಳಚಿ ಬಂತು. ಅದರ ಅಡಿಯಲ್ಲಿ ಬಟನ್ನಿನಷ್ಟು ಸಣ್ಣ ಹಿತ್ತಾಳೆಯ ಟೊಪ್ಪಿ. ಮಳೆಗಾಲಕ್ಕೆ ಮೊದಲು ಗಾಡಿಯ ಅಡಿಗೆ ತುಕ್ಕು ಹಿಡಿಯದಂತೆ ಬಣ್ಣ ಹೊಡೆಸುವುದು ನಮ್ಮ ಕಡೆ ವಾಡಿಕೆ. ಎರಡು ಮಳೆಗಾಲದ ಹಿಂದೆ ಹೊಡೆದವರು ಆಕ್ಸಲಿನ ಜೊತೆಗೆ ಅದರ ಉಸಿರುಗಂಡಿಗೂ ಹೊಡೆದಿದ್ದರು. ಬಿಚ್ಚಿ ಬಾಯಿಗಿಟ್ಟು ಊದಿ ನೋಡಿದರೆ ಗಾಳಿ ಹೋಗುವುದಿಲ್ಲ. ಒಳಗೂ ಹಳೆಯ ಕೆಸರು ಒಣಗಿ ಕಲ್ಲಾಗಿದೆ.

ಆಗ ಎಲ್ಲಾ ಒಂದಕ್ಕೊಂದು ಕೂಡಿಕೊಂಡಿತು. ಗಾಡಿ ಓಡಿದಾಗ ಡಿಫರೆನ್ಶಿಯಲ್ಲಿನ ಎಣ್ಣೆ ಕಾಯುತ್ತದೆ, ಅದರ ಮೇಲಿನ ಗಾಳಿ ಹಿಗ್ಗುತ್ತದೆ. ಬ್ರೀದರ್ ತೆರೆದಿದ್ದರೆ ಹೆಚ್ಚಾದ ಗಾಳಿ ಅಲ್ಲಿಂದ ಹೋಗುತ್ತದೆ. ಮುಚ್ಚಿದ್ದರೆ ಅದು ಸೀಲಿನ ಅಂಚನ್ನು ಹಿಂದಿನಿಂದ ಒತ್ತುತ್ತದೆ. ಒತ್ತಿದಷ್ಟೂ ಅಂಚು ಶಾಫ್ಟನ್ನು ಬಿಗಿಯಾಗಿ ಹಿಡಿಯುತ್ತದೆ, ಬಿಗಿಯಾದಷ್ಟೂ ಕಾಯುತ್ತದೆ, ಕಾದು ಗಟ್ಟಿಯಾಗಿ ಸೀಳುತ್ತದೆ. ಎಣ್ಣೆಗೆ ದಾರಿಯಾಯಿತು. ಇನ್ನು ಬಿಸಿ ಗಾಡಿಯನ್ನು ಹಳ್ಳಕ್ಕೆ ಇಳಿಸಿದಾಗ ನಡೆಯುವುದು ಇದರ ಉಲ್ಟಾ. ತಣ್ಣೀರು ತಾಗಿ ಒಳಗಿನ ಗಾಳಿ ಕುಗ್ಗುತ್ತದೆ, ಕುಗ್ಗಿದಷ್ಟು ಹೊರಗಿನಿಂದ ಎಳೆದುಕೊಳ್ಳುತ್ತದೆ. ಸೀಲಿನ ಅಂಚು ಎಣ್ಣೆಯ ಕಡೆಯಿಂದ ಬರುವ ಒತ್ತಡವನ್ನು ತಡೆಯಲೆಂದು ಮಾಡಿದ್ದು, ಹೊರಗಿನಿಂದ ಎಳೆದರೆ ಸುಲಭವಾಗಿ ಎದ್ದುಕೊಡುತ್ತದೆ. ಗುಳಿಬಿದ್ದ ಗುಂಡಿನ ಮೇಲೆ ಹೊರಸೀಲೂ ನೀರು ಬಿಟ್ಟುಕೊಟ್ಟಿತು, ಒಳಸೀಲು ಅದನ್ನು ಡಿಫರೆನ್ಶಿಯಲ್ಲಿಗೆ ದಾಟಿಸಿತು. ಹಳ್ಳ ದಾಟಿದಷ್ಟು ಸಲವೂ ಒಂದಷ್ಟು ನೀರು ಒಳಗೆ, ತೋಟದಿಂದ ರಸ್ತೆಗೆ ಬಂದಷ್ಟು ಸಲವೂ ಒಂದಷ್ಟು ಎಣ್ಣೆ ಹೊರಗೆ.

ಬಲಗಡೆಯೇ ಮೊದಲು ಹೋದದ್ದಕ್ಕೂ ಕಾರಣ ಇದೆ. ಈ ಗಾಡಿಯಲ್ಲಿ ಮುಂದಿನ ಡಿಫರೆನ್ಶಿಯಲ್ ನಟ್ಟನಡುವೆ ಇಲ್ಲ, ಬಲಕ್ಕೆ ಸರಿದಿದೆ. ಬಲಗಡೆಯ ಕೊಳವೆ ಗಿಡ್ಡ. ಗಾಡಿ ಸ್ವಲ್ಪ ವಾಲಿದರೂ ಎಣ್ಣೆ ಆ ಸೀಲಿನ ಬುಡಕ್ಕೆ ಬರುತ್ತದೆ. ಎಡಗಡೆ ಬಿಚ್ಚಿ ನೋಡಿದರೆ ಅಲ್ಲಿಯ ಸೀಲೂ ಗಟ್ಟಿಯಾಗಿಯೇ ಇತ್ತು, ಸೋರುವ ಸರದಿ ಬಂದಿರಲಿಲ್ಲ ಅಷ್ಟೆ.

ಸೋರುವ ಜಾಗದಿಂದ ಹಿಂದಕ್ಕೆ ಹೋಗುತ್ತ ಹೋದರೆ ಹೊರಸೀಲು, ಒಳಸೀಲು, ಕೊನೆಗೆ ಸೀಲೇ ಅಲ್ಲದ ಒಂದು ಟೊಪ್ಪಿ. ಹೋದ ವರ್ಷ ಹೊರಗಿನದಕ್ಕೆ ದುಡ್ಡು ಕೊಟ್ಟೆ. ಈ ವರ್ಷ ಒಳಗಿನದನ್ನು ಮಾತ್ರ ಹಾಕಿಸಿದ್ದರೆ ಮುಂದಿನ ವರ್ಷ ಇದೇ ದಿಮ್ಮಿಯ ಮೇಲೆ ಇದೇ ಗಾಡಿ. ಸೀಲು ಯಾಕೆ ಹೋಯಿತು ಎಂದು ಕೇಳುವವರ ಕೈಗೆ ಗಾಡಿ ಸಿಗುವುದೇ ದೊಡ್ಡದು.

ಬ್ರೀದರನ್ನು ಡೀಸೆಲ್ಲಿನಲ್ಲಿ ನೆನೆಹಾಕಿ, ಸೈಕಲ್ಲಿನ ಕಡ್ಡಿಯಿಂದ ಬಿಡಿಸಿ, ಗಾಳಿ ಹೊಡೆದು ಒಣಗಲಿಟ್ಟೆವು.

21 ಫೆಬ್ರವರಿ, ಶುಕ್ರವಾರ

ಜೋಡಣೆ. ಬಿಚ್ಚುವಾಗ ಇದ್ದ ಅವಸರ ಇವತ್ತು ಯಾರಿಗೂ ಇರಲಿಲ್ಲ.

ಡಿಫರೆನ್ಶಿಯಲ್ಲಿಗೆ ಮೊದಲು ತೆಳ್ಳನೆಯ ಎಣ್ಣೆ ಹಾಕಿ, ಶಾಫ್ಟು ತಿರುಗಿಸಿ, ಇಳಿಸಿ ಬಿಟ್ಟರು. ನೀರಿನ ಅಂಶ ಉಳಿದರೆ ಬೇರಿಂಗಿಗೆ ತುಕ್ಕು. ಒಳಸೀಲು ಕೂರಿಸುವಾಗ ಮೇಸ್ತ್ರಿ ಅದನ್ನು ಹಳೆಯದು ಕೂತಲ್ಲಿಗೆ ತಳ್ಳಲಿಲ್ಲ, ಒಂದೆರಡು ಮಿಲಿಮೀಟರು ಹೊರಗೇ ನಿಲ್ಲಿಸಿದರು. ಶಾಫ್ಟಿನ ಮೇಲಿನ ಗೆರೆಯಲ್ಲಿ ಹೊಸ ಅಂಚು ಬಿದ್ದರೆ ಮೊದಲ ದಿನದಿಂದಲೇ ಸೋರುತ್ತದೆ, ಗೆರೆಯ ಪಕ್ಕದ ನಯವಾದ ಜಾಗದಲ್ಲಿ ಕೂರಬೇಕು. ಸೀಲಿನ ಬಳೆಯಷ್ಟೇ ಅಗಲದ ಕಬ್ಬಿಣದ ಪೈಪಿನ ತುಂಡು ಅವರ ಹತ್ತಿರ ಇದೆ. ಅದನ್ನಿಟ್ಟು ಸುತ್ತಿಗೆಯಿಂದ ಸಣ್ಣ ಸಣ್ಣ ಪೆಟ್ಟು. ಸೀಲು ಓರೆಯಾಗಿ ಹೋದರೆ ಬಳೆ ಸೊಟ್ಟಗಾಗುತ್ತದೆ, ಆಮೇಲೆ ಅದನ್ನು ಎಸೆಯಬೇಕು ಅಷ್ಟೆ. ಶಾಫ್ಟಿನ ತುದಿಯ ಹಲ್ಲುಗಳಿಗೆ ಪ್ಲಾಸ್ಟಿಕ್ ಟೇಪು ಸುತ್ತಿ, ರಬ್ಬರಿನ ಅಂಚಿಗೆ ಎಣ್ಣೆ ಸವರಿ, ಶಾಫ್ಟನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ತೂರಿಸಿದರು. ಅಷ್ಟು ತೂಕದ ಉಕ್ಕು ಒಮ್ಮೆ ಅಂಚಿನ ಮೇಲೆ ಒರಗಿದರೂ ಹೊಸ ಸೀಲು ಹಳೆಯದಾಗುತ್ತದೆ. ಟೇಪನ್ನು ಬಿಚ್ಚಿದ ಹುಡುಗ ಅದನ್ನು ಮೇಸ್ತ್ರಿಗೆ ತೋರಿಸಿಯೇ ಎಸೆದ. ಒಳಗೆ ಉಳಿಯಲಿಲ್ಲ ಎಂಬುದಕ್ಕೆ ಸಾಕ್ಷಿ.

ಕಿಂಗ್‌ಪಿನ್ನಿನ ಬೇರಿಂಗು ಸಡಿಲವಿದ್ದರೆ ಹೌಸಿಂಗು ಗುಂಡಿನ ಮೇಲೆ ಅಲುಗಾಡುತ್ತದೆ, ಹೊರಸೀಲು ಒಂದು ಬದಿ ಒತ್ತಿ ಒಂದು ಬದಿ ಬಿಡುತ್ತದೆ. ಮೇಲಿನ ಮುಚ್ಚಳದ ಅಡಿಯ ಶಿಮ್ಮು ತೆಗೆದು ಹಾಕಿ ಅದನ್ನು ಸರಿಮಾಡಬೇಕು. ನಮ್ಮ ಮನೆಯ ಸ್ಪ್ರಿಂಗ್ ತಕ್ಕಡಿ ತರಿಸಿದ್ದು ಇದಕ್ಕೇ. ಹೊರಸೀಲು ಹಾಕುವ ಮೊದಲು, ಹೌಸಿಂಗಿನ ತೋಳಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದು, ಎಷ್ಟು ತೂಕಕ್ಕೆ ತಿರುಗುತ್ತದೆ ಎಂದು ನೋಡಿದರು. ತೀರ ಹಗುರ. ಒಂದು ತೆಳ್ಳನೆಯ ಶಿಮ್ಮು ತೆಗೆದು ಬಿಗಿದು ಮತ್ತೆ ಎಳೆದರು. ಎಡಕ್ಕೂ ಬಲಕ್ಕೂ ಮುಳ್ಳು ಒಂದೇ ಕಡೆ ನಿಲ್ಲುವ ತನಕ ಅವರು ಸುಮ್ಮನಾಗಲಿಲ್ಲ.

ಗುಂಡಿಗೆ ಹೊಸ ಗ್ರೀಸು, ಹೊಸ ಹೊರಸೀಲು, ಲೈನರು. ಡಿಫರೆನ್ಶಿಯಲ್ಲಿಗೆ ತೊಂಬತ್ತರ ಎಣ್ಣೆ, ಬದಿಯ ಬಿರಟೆಯ ತೂತಿನ ಅಂಚಿಗೆ ಬರುವಷ್ಟು, ಒಂದೂಕಾಲು ಲೀಟರಿನ ಆಸುಪಾಸು. ಗಾಡಿ ಸಮತಟ್ಟಿನಲ್ಲಿ ನಿಂತಿರಬೇಕು. ತೂತಿನಿಂದ ತುಳುಕಿದ್ದು ನಿಲ್ಲುವ ತನಕ ಕಾದು ಬಿರಟೆ ಹಾಕಿದರು.

ಲೆಕ್ಕ: ಸಾಮಾನು ಎಲ್ಲಾ ಸೇರಿ ₹3,460. ಮಜೂರಿ ₹4,000, ಹುಡುಗನಿಗೆ ನಾನಾಗಿ ಕೊಟ್ಟದ್ದು ₹200. ಬ್ರೀದರ್ ಬಿಡಿಸಿದ್ದಕ್ಕೆ ಮೇಸ್ತ್ರಿ ಏನೂ ಹಿಡಿಯಲಿಲ್ಲ.

27 ಫೆಬ್ರವರಿ, ಗುರುವಾರ

ನಿನ್ನೆ ಶಿವರಾತ್ರಿ, ಜಾಗರಣೆಯ ನಿದ್ದೆ ಕಣ್ಣಲ್ಲೇ ಇತ್ತು. ಹಾಗಾಗಿ ಹನ್ನೊಂದರ ಮೇಲೆ ಹೊರಟೆ. ಉಳಿದ ಚಾಲಿ ಚೀಲಗಳನ್ನು ಹೇರಿಕೊಂಡು ಯಲ್ಲಾಪುರಕ್ಕೆ. ಅರಬೈಲ್ ಘಟ್ಟ ಹತ್ತಿ ಮೇಲೆ ನಿಲ್ಲಿಸಿ ಎರಡೂ ಹಬ್ಬಿಗೆ ಅಂಗೈ ಇಟ್ಟು ನೋಡಿದೆ. ಎರಡೂ ಬೆಚ್ಚಗೆ, ಒಂದೇ ಸಮ. ಬಲಗಡೆಯದು ಹೆಚ್ಚು ಬಿಸಿಯಾಗಿದ್ದರೆ ಬೇರಿಂಗ್ ಬಿಗಿ ಎಂದರ್ಥ.

ಅಡಿಕೆ ಇಳಿಸಿ ವಾಪಸು ಬರುವಾಗ ಇಳಿಜಾರಿನಲ್ಲಿ ಎರಡನೇ ಗೇರು. ತಿರುವಿಗೆ ಮೊದಲು ಬ್ರೇಕ್ ತುಳಿದರೆ ಗಾಡಿ ನೇರ ನಿಂತಿತು, ಸ್ಟಿಯರಿಂಗ್ ಎಡಕ್ಕೆ ಎಳೆಯಲಿಲ್ಲ. ಸಂಜೆ ತೋಟಕ್ಕೂ ಹೋಗಿ ಬಂದೆ. ಹಳ್ಳದ ದಡದಲ್ಲಿ ಗಾಡಿ ತಣಿಯಲೆಂದು ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ ಇಳಿಸಿದೆ. ಮನೆಗೆ ಬಂದು ಬದಿಯ ಬಿರಟೆ ಬಿಚ್ಚಿ ಕಿರುಬೆರಳು ಅದ್ದಿ ನೋಡಿದರೆ ಎಣ್ಣೆ ಜೇನುಬಣ್ಣದಲ್ಲೇ ಇದೆ. ಆಯಿ ಒಳಗಿನಿಂದಲೇ ಕೇಳಿದಳು: “ಬ್ರೇಕ್ ಸಮಾ ಇದ್ದಾ?” ಇದ್ದು ಎಂದೆ.

9 ಮಾರ್ಚ್, ಭಾನುವಾರ

ಕೆಳಮನೆಯವರ ಜೀಪೂ ಇದೇ ಜಾತಿಯದು. ಅದರ ಬಲಚಕ್ರದಲ್ಲೂ ಎಣ್ಣೆ. ಹುಬ್ಬಳ್ಳಿಯ ಅಂಗಡಿಯ ಗುರುತು ಕೇಳಲು ಬಂದಿದ್ದರು. ಸೀಲು ಆಮೇಲೆ, ಮೊದಲು ಗಾಡಿ ನೋಡೋಣ ಎಂದು ಮೇಸ್ತ್ರಿಯನ್ನೂ ಕರೆದುಕೊಂಡು ಹೋದೆ.

ಬ್ರೀದರ್ ಬಿಚ್ಚಿದೆವು. ಸ್ವಚ್ಛವಾಗಿತ್ತು, ಊದಿದರೆ ಗಾಳಿ ಸರಾಗ. ಗುಂಡಿನ ಮೈ ನಯ. ಕಿಂಗ್‌ಪಿನ್ನಿನಲ್ಲಿ ಅಲುಗಾಟ ಇಲ್ಲ. ನನ್ನ ಗಾಡಿಯ ಕಾರಣ ಈ ಗಾಡಿಗೆ ಹೊಂದಲಿಲ್ಲ. ಆಮೇಲೆ ಮೇಸ್ತ್ರಿ ಡಿಫರೆನ್ಶಿಯಲ್ಲಿನ ಬದಿಯ ಬಿರಟೆ ಬಿಚ್ಚಿದ ಕೂಡಲೇ ಎಣ್ಣೆ ಚಿಮ್ಮಿ ಅವರ ತೋಳಿನ ಮೇಲೆ ಬಿತ್ತು. ಯಾರೋ ಬಿರಟೆಯ ಮಟ್ಟ ನೋಡದೆ, ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿಕೊಂಡು, ಹಿಡಿದಷ್ಟನ್ನೂ ಹೊಯ್ದಿದ್ದರು. ಹೆಚ್ಚಾದ ಎಣ್ಣೆ ಗಿಡ್ಡ ಕೊಳವೆಯ ಕಡೆ ಹರಿದು ಸದಾ ಸೀಲಿನ ಮೇಲೇ ನಿಲ್ಲುತ್ತಿತ್ತು. ಹೆಚ್ಚಾದದ್ದನ್ನು ಇಳಿಸಿ, ಗುಂಡಿನ ಗ್ರೀಸು ಬದಲಿಸಿ, ಡ್ರಮ್ಮು ಬಿಚ್ಚಿ ಲೈನರಿಗೆ ಎಣ್ಣೆ ತಾಗಿಲ್ಲವೆಂದು ನೋಡಿದೆವು. ಒಂದು ವಾರ ಓಡಿಸಿ, ಆಮೇಲೂ ಸೋರಿದರೆ ಮಾತ್ರ ಒಳಸೀಲು ಬಿಚ್ಚುವುದು ಎಂದಾಯಿತು.

“ನನ್ನ ಮಜೂರಿ ಕಳೀತಾ ಇದ್ರಿ ಭಟ್ರೆ,” ಎಂದು ಮೇಸ್ತ್ರಿ ತೋಳು ಒರೆಸಿಕೊಂಡರು. ಹಾಗೆನ್ನುತ್ತಲೇ ನನ್ನ ಗಾಡಿಗೆ ಇನ್ನೊಂದು ಕೆಲಸ ಹೇಳಿದರು. ಬ್ರೀದರಿನ ಟೊಪ್ಪಿ ತೆಗೆದು, ಆ ಜಾಗಕ್ಕೆ ಸಣ್ಣ ನಿಪ್ಪಲ್ ಹಾಕಿ, ಅದರಿಂದ ರಬ್ಬರ್ ಪೈಪನ್ನು ಬಾನೆಟ್ಟಿನ ಒಳಗೆ ಎತ್ತರಕ್ಕೆ ಒಯ್ದು, ಬಾಯಿ ಕೆಳಮುಖ ಮಾಡಿ ಕಟ್ಟುವುದು. ಹಳ್ಳದ ನೀರು ಹಬ್ಬಿಗೆ ಬಂದರೂ ಆಕ್ಸಲು ಮೇಲಿನ ಒಣಗಾಳಿಯನ್ನೇ ಎಳೆದುಕೊಳ್ಳುತ್ತದೆ. ಪೈಪಿಗೆ ಆಯಿಲ್ ತಡೆಯುವಂಥದ್ದೇ ಬೇಕು, ತೋಟದ ನೀರಿನ ಪೈಪು ಹಾಕಿದರೆ ಒಂದು ಮಳೆಗಾಲದಲ್ಲಿ ಮೆತ್ತಗಾಗುತ್ತದೆ. ಹಿಂದಿನ ಆಕ್ಸಲಿಗೂ ಹಾಗೇ ಮಾಡಬೇಕು, ಗೇರ್ ಬಾಕ್ಸಿನ ಬ್ರೀದರನ್ನೂ ಆಗಲೇ ನೋಡಬೇಕು. ಯುಗಾದಿ ಕಳೆದ ಮೇಲಿನ ವಾರಕ್ಕೆ ದಿನ ಕೊಟ್ಟಿದ್ದಾರೆ. ಈ ವರ್ಷ ಅಡಿಗೆ ಬಣ್ಣ ಹೊಡೆಯುವ ದಿನ ಬ್ರೀದರುಗಳಿಗೆ ಬಟ್ಟೆ ಕಟ್ಟಿ, ನಾನೇ ಪಕ್ಕದಲ್ಲಿ ನಿಲ್ಲುತ್ತೇನೆ.